ಒಂಬತ್ತು ಮಾತಿನ ನೀರುಗಂಟಿ

ನಮ್ಮೂರಿನ ನೀರುಗಂಟಿ ಚಿಕ್ಕವೆಂಕಟಪ್ಪಣ್ಣನಿಗೆ ಬರುವುದು ಒಂಬತ್ತು ಮಾತು. ಒಂಬತ್ತೂ ನೀರಿನ ಮಾತು. ‘ನೀರು ಬಿಟ್ಟಿದೀನಿ ಕಣ್ರವ್ವಾ, ಹಿಡ್ಕಳಿ’ ಎನ್ನುವುದು ಒಂದು. ‘ಕರೆಂಟಿಲ್ಲ, ಬಂದ್ಮೇಲೆ ಬಿಡ್ತೀನಿ’ ಎನ್ನುವುದು ಇನ್ನೊಂದು. ಮೋಟರು ಸುಟ್ಟಿದ್ದಕ್ಕೆ ಒಂದು, ಪೈಪು ಒಡೆದಿದ್ದಕ್ಕೆ ಒಂದು, ‘ನಲ್ಲಿಗೆ ಮೋಟರು ಹಾಕಿ ಎಳೀಬೇಡಿ, ಆಚೆ ಮನೆಯವ್ರಿಗೂ ಬಾಯಾರ್ತದೆ’ ಎಂದು ಬೈಯುವುದಕ್ಕೆ ಒಂದು. ಹೀಗೆ. ಮಗಳ ಹೆಸರು ಕರೆಯುವುದಕ್ಕೆ ಒಂದೂ ಇಲ್ಲ.

ಅವನು ಹುಟ್ಟು ಮೂಗನಲ್ಲ. ಅವನ ಗಂಟಲು ಹೇಗಿತ್ತು ಎಂದು ಕೇಳುವುದಾದರೆ ನನ್ನನ್ನು ಕೇಳಬೇಕು. ನಾನು ಪದ್ಮಶ್ರೀ, ಇಲ್ಲಿನ ಪಂಚಾಯಿತಿ ಗ್ರಂಥಾಲಯ ನೋಡಿಕೊಳ್ಳುವವಳು. ಕುಂದಾಣದಿಂದ ನಮ್ಮೂರಿಗೆ ಬರುವಾಗ ಮೊದಲು ಕಾಣುವುದು ನೀರಿನ ಟ್ಯಾಂಕು, ಅದರ ಬುಡದಲ್ಲೇ ನನ್ನ ಗ್ರಂಥಾಲಯ. ಟ್ಯಾಂಕಿನ ಕೆಳಗೆ ಬೀದಿಗೊಂದರಂತೆ ವಾಲ್ವುಗಳಿವೆ. ಸರದಿ ನೋಡಿಕೊಂಡು ಅದನ್ನು ತಿರುಗಿಸಿ, ಆಮೇಲೆ ಆ ಬೀದಿಯುದ್ದಕ್ಕೂ ಕೂಗಿಕೊಂಡು ಹೋಗುವುದು ನೀರುಗಂಟಿಯ ಕೆಲಸ. ಇಲ್ಲಿ ಒಳಗೆ ನಾನು ‘ನಿಶ್ಶಬ್ದ’ ಎಂದು ಬೋರ್ಡು ಹಾಕಿಕೊಂಡು ಕೂತಿದ್ದರೆ ಹೊರಗೆ ಅವನ ಗಂಟಲು ಶುರುವಾಗುತ್ತಿತ್ತು. ಒಂದು ದಿನ ತಡೆಯಲಾರದೆ ಎದ್ದು ಹೋಗಿ, “ಅಣ್ಣಾ, ಒಂಚೂರು ಮೆತ್ತಗೆ ಕೂಗು” ಅಂದೆ.

“ಮೆತ್ತಗೆ ಕೂಗಿದ್ರೆ ನೀರು ಬಂದಿದ್ದು ನಲ್ಲಿಗೆ ಮಾತ್ರ ಗೊತ್ತಾಯ್ತದೆ ಕಣವ್ವಾ” ಅಂದ.

ಅವನು ಹೇಳಿದ್ದು ಸರಿಯೇ. ನಮ್ಮಲ್ಲಿ ಒಂದು ಬೀದಿಗೆ ನೀರು ಬಂದರೆ ಮತ್ತೆ ಬರುವುದು ಮೂರು ನಾಲ್ಕು ದಿನ ಬಿಟ್ಟು. ಅದೂ ಕರೆಂಟು ಯಾವಾಗ ಕೊಡುತ್ತಾರೋ ಆವಾಗ. ಕೂಗು ಕಿವಿಗೆ ಬೀಳಲಿಲ್ಲವೆಂದರೆ ಆ ಮನೆಯವರು ಬಿಂದಿಗೆ ಹಿಡಿದುಕೊಂಡು ಪಕ್ಕದ ಮನೆಯವರ ಮುಖ ನೋಡಬೇಕು. ಹಾಗಾಗಿ ವಾಲ್ವು ಯಾರು ಬೇಕಾದರೂ ತಿರುಗಿಸಬಹುದು, ಕೂಗುವವನೇ ನೀರುಗಂಟಿ. ಅವನ ತಾತ ಕೆರೆಯ ತೂಬು ಎತ್ತುತ್ತಿದ್ದವನು. ಕೆರೆ ಬತ್ತಿತು, ಕೊಳವೆಬಾವಿ ಬಂತು, ಕೆಲಸ ಮಾತ್ರ ಅದೇ ಮನೆಯಲ್ಲಿ ಉಳಿಯಿತು.

ಮೂರು ವರ್ಷದ ಕೆಳಗೆ ಆ ಗಂಟಲು ಕಟ್ಟಿತು. ಬೀಡಿಯ ಪ್ರತಾಪ. ಬೆಂಗಳೂರಿನ ಆಸ್ಪತ್ರೆಯಲ್ಲಿ ನೋಡಿ, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಜೀವ ಉಳಿಯುತ್ತದೆ, ಮಾತು ಹೋಗುತ್ತದೆ ಎಂದರು. ಊರಿಗೆ ಬಂದು ಟ್ಯಾಂಕಿನ ಕೆಳಗೆ ಕೂತು ಅತ್ತ. ಜೀವಕ್ಕೆ ಹೆದರಿ ಅತ್ತಿದ್ದಲ್ಲ. “ಕೂಗಕ್ಕಾಗದೆ ಇರೋನ್ನ ಯಾರವ್ವಾ ಇಟ್ಕೊಂತಾರೆ” ಎಂದು ಅತ್ತ. ಆಗಲೇ ಧ್ವನಿ ಒಡೆದು ಸೀಳಿಹೋಗಿತ್ತು.

ಆಗ ಮುಂದೆ ಬಂದವನು ಮನೋಹರ್. ನಮ್ಮೂರ ಹುಡುಗನೇ. ಏರ್‌ಪೋರ್ಟ್ ಪಕ್ಕದ ಒಂದು ಗೋದಾಮಿನಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಕೆಲಸ. ದಿನಾ ಸಂಜೆ ಮನೆಗೆ ಬರುತ್ತಾನೆ, ಭಾನುವಾರ ಹೊಲಕ್ಕೂ ಇಳಿಯುತ್ತಾನೆ. ಗ್ರಂಥಾಲಯಕ್ಕೆ ಯಾರೋ ಕೊಟ್ಟಿದ್ದ ಕಂಪ್ಯೂಟರು ಧೂಳು ತಿನ್ನುತ್ತಿತ್ತು. ಅದಕ್ಕೆ ಅವನು ಒಂದು ಸಾಫ್ಟ್‌ವೇರ್ ಹಾಕಿದ. ಬೀದಿವಾರು ಎಲ್ಲರ ಫೋನ್ ನಂಬರು ಅದರಲ್ಲಿ ತುಂಬಿಸಿಟ್ಟರೆ, ಒಂದು ಗುಂಡಿ ಒತ್ತಿದ ಕೂಡಲೇ ಆ ಬೀದಿಯ ಎಲ್ಲ ಫೋನೂ ಬಡಿದುಕೊಂಡು, ಎತ್ತಿದವರಿಗೆ ನಾವು ತುಂಬಿಟ್ಟ ಮಾತು ಕೇಳಿಸುತ್ತದೆ.

“ಎಷ್ಟಪ್ಪಾ ಇದಕ್ಕೆ?” ಅಂದೆ.

“ಪುಕ್ಕಟೆ ಪದ್ಮಕ್ಕ. ಯಾರ್ ಬೇಕಾದ್ರೂ ತಗೋಬೋದು, ಬಿಚ್ಚಿ ನೋಡ್ಬೋದು, ತಿದ್ಬೋದು. ಕೂತಿರೋದೂ ನಮ್ಮ ಪೆಟ್ಟಿಗೇಲೇ. ಯಾರ ಹಂಗೂ ಇಲ್ಲ.”

“ಪುಕ್ಕಟೆ ಕೊಡೋರಿಗೆ ಏನು ಬಂತು ಭಾಗ್ಯ?”

“ಊರ ಮುಂದೆ ಅರಳಿಕಟ್ಟೆ ಕಟ್ಟಿದೋರಿಗೆ ಏನು ಬಂತು? ಎಲ್ಲಾರೂ ಒಂದೊಂದು ಕಲ್ಲು ತಂದಾಕಿದ್ರು, ಎಲ್ಲಾರೂ ಕೂತ್ಕೊಂತಾರೆ. ಇದೂ ಅಂಗೇ.”

ನನಗೆ ಅರಳಿಕಟ್ಟೆಯ ಲೆಕ್ಕ ಹಿಡಿಸಿತು. ಆಪರೇಷನ್ನಿನ ಹಿಂದಿನ ದಿನ ಚಿಕ್ಕವೆಂಕಟಪ್ಪಣ್ಣನನ್ನು ಪುಸ್ತಕದ ಬೀರುಗಳ ನಡುವೆ ಕೂರಿಸಿ, ಬಿಸಿನೀರು ಕುಡಿಸಿ, ಉಳಿದಿದ್ದ ಧ್ವನಿಯಲ್ಲಿ ಒಂಬತ್ತು ಮಾತು ತುಂಬಿಸಿಕೊಂಡೆವು. ಒಂಬತ್ತನೆಯದು ಮುಗಿಯುವ ಹೊತ್ತಿಗೆ ಸುಸ್ತಾಗಿದ್ದ. ಸಾಕು ಅಂದೆವು. ಅವತ್ತು ಎಲ್ಲರ ತಲೆಯಲ್ಲಿದ್ದದ್ದು ಅವನ ಕೆಲಸ ಉಳಿಯುವುದೊಂದೇ. ಬೇರೆ ಮಾತೂ ಬೇಕಾಗುತ್ತದೆ ಎಂದು ಯಾರಿಗೂ ಹೊಳೆಯಲಿಲ್ಲ.

ಕೆಲಸವೇನೋ ಉಳಿಯಿತು. ಕುತ್ತಿಗೆಯಲ್ಲಿ ಉಸಿರಾಡಲು ತೂತು, ಅದರ ಮೇಲೊಂದು ಬಿಳಿ ಬಟ್ಟೆ ಕಟ್ಟಿಕೊಂಡು ಬರುವುದು, ವಾಲ್ವು ತಿರುಗಿಸುವುದು, ನನ್ನ ಕಿಟಕಿಗೆ ಎರಡು ಸಲ ತಟ್ಟುವುದು. ನಾನು ಗುಂಡಿ ಒತ್ತಿದರೆ ಅವನ ಹಳೆಯ ಗಂಟಲು ಮನೆಮನೆಯಲ್ಲಿ ಕೂಗುತ್ತಿತ್ತು. ಆಸ್ಪತ್ರೆಯವರು ಕುತ್ತಿಗೆಗೆ ಒತ್ತಿ ಹಿಡಿದು ಮಾತಾಡುವ ಒಂದು ಯಂತ್ರವನ್ನೂ ಕೊಟ್ಟಿದ್ದರು. ಅದರಲ್ಲಿ ಮಾತಾಡಿದರೆ ಮಿಕ್ಸಿ ತಿರುಗಿದ ಹಾಗೆ ಸದ್ದು ಬರುತ್ತಿತ್ತು. ಒಂದೇ ಸಲ ಬೀದಿಯಲ್ಲಿ ಆಡಿಸಿದ, ನಾಯಿಗಳೆಲ್ಲ ಸೇರಿ ಬೊಗಳಿದವು, ಅವತ್ತೇ ಅದು ಟ್ರಂಕಿಗೆ ಹೋಯಿತು. ಮಿಕ್ಕಿದ್ದಕ್ಕೆಲ್ಲ ಕೈಸನ್ನೆ, ಇಲ್ಲವೆಂದರೆ ಅಂಗೈ ಮೇಲೆ ಬೆರಳಲ್ಲಿ ಬರೆದು ತೋರಿಸುವುದು. ಮನೆಯಲ್ಲಿ ಅವನ ತಾಯಿ ಮುನಿವೆಂಕಟಮ್ಮ ಬೈಯುವುದಕ್ಕೆ ಶುರು ಮಾಡಿದರೆ ಫೋನ್ ತೆಗೆದು, ಅದರಲ್ಲೂ ಹಾಕಿಸಿಕೊಂಡಿದ್ದ ‘ಮೋಟರು ಸುಟ್ಟೋಗಿದೆ, ರಿಪೇರಿಗೆ ಕೊಟ್ಟಿದೀವಿ’ ಎನ್ನುವುದನ್ನು ಒತ್ತುತ್ತಿದ್ದ. ಅಜ್ಜಿಗೆ ನಗು ಬಂದು ಬೈಗುಳ ನಿಂತುಹೋಗುತ್ತಿತ್ತು. ಹೆಂಡತಿ ಭಾಗ್ಯಮ್ಮ ಮಾತ್ರ ನಗುತ್ತಿರಲಿಲ್ಲ.

ಈ ನಡುವೆ ಮನೋಹರ್‌ಗೆ ಆ ಸಾಫ್ಟ್‌ವೇರಿನ ಹುಚ್ಚು ಹತ್ತಿತ್ತು. ಅದರೊಳಗಿನ ಇಂಗ್ಲಿಷನ್ನೆಲ್ಲ ಕೂತು ಕನ್ನಡ ಮಾಡಿ ಅದನ್ನು ತಯಾರಿಸಿದವರಿಗೆ ಕಳಿಸಿದ. ಕನ್ನಡದ ಧ್ವನಿಗಳು ಬೇಕು, ಯಾರಾದರೂ ಓದಿ ಕಳಿಸಿ ಎಂದು ಅವರು ಕೇಳಿದಾಗ, ಎಷ್ಟೋ ಭಾನುವಾರ ನನ್ನ ಗ್ರಂಥಾಲಯದಲ್ಲಿ ಊರವರನ್ನು ಕೂರಿಸಿ ಓದಿಸಿದ. ಓದು ಬಾರದ ಹೆಂಗಸರು ಬಾಯಿಗೆ ಬಂದ ಗಾದೆ, ಒಗಟು ಹೇಳಿದರು. ನಾನೂ ಓದಿದೆ. ಯಾರೂ ನಾಕಾಣೆ ಕೇಳಲಿಲ್ಲ. ಅರಳಿಕಟ್ಟೆಗೆ ಕಲ್ಲು ಹೊತ್ತು ಹಾಕುತ್ತಿದ್ದೇವೆ ಎಂದೇ ಅಂದುಕೊಂಡೆವು.

ಈ ವರ್ಷ ಯುಗಾದಿ ಕಳೆದ ಮೇಲೆ ಒಂದು ಸಂಜೆ ಮನೋಹರ್ ಓಡಿ ಬಂದ. ಚಪ್ಪಲಿಯನ್ನೂ ಬಿಡದೆ ಒಳಗೆ ನುಗ್ಗಿದ್ದಕ್ಕೆ ನಾನು ಬೈದೆ, ಅವನ ಕಿವಿಗೆ ಬೀಳಲಿಲ್ಲ.

“ಪದ್ಮಕ್ಕ, ಹೊಸದು ಬಂದೈತೆ. ಈಗ ಇದು ಕನ್ನಡ ಮಾತಾಡುತ್ತೆ. ಬರೆದಿದ್ದನ್ನೆಲ್ಲ ಮಾತಾಡುತ್ತೆ. ಯಾರ ದನಿ ಕೊಟ್ರೆ ಅವರ ದನೀಲೇ.”

“ಚಿಕ್ಕವೆಂಕಟಪ್ಪಣ್ಣನ ದನೀಲೂ?”

“ಒಂಬತ್ತು ಮಾತೈತಲ್ಲ, ಅಷ್ಟು ಸಾಕಂತೆ.” ಆಮೇಲೆ ಸ್ವಲ್ಪ ತಗ್ಗಿದ. “ಇದೊಂದು ಪುಕ್ಕಟೆ ಅಲ್ಲ ಪದ್ಮಕ್ಕ. ಹಳೇದೆಲ್ಲ ಅಂಗೇ ಐತೆ. ಹೊಸದಾಗಿ ಬಂದಿದ್ದು ಮಾತ್ರ ದುಡ್ಡು ಕೊಟ್ಟೋರಿಗೆ. ಒಂದು ತಿಂಗ್ಳು ಸುಮ್ನೆ ನೋಡಿ ಅಂತ ಕೊಡ್ತಾರೆ. ನೋಡಾಣ?”

ನೋಡೋಣ ಎಂದು ನಾನೇ ಅಂದೆ. ಬೇಡ ಅನ್ನುವುದಕ್ಕೆ ನನ್ನೆದುರಿಗೆ ಏನು ಕಾರಣವಿತ್ತು?

ಮರುದಿನ ಚಿಕ್ಕವೆಂಕಟಪ್ಪಣ್ಣ ಕಂಪ್ಯೂಟರಿನ ಮುಂದೆ ಕೂತ. ಐದನೇ ಕ್ಲಾಸಿನವರೆಗೆ ಓದಿದವನು, ಒಂದೇ ಬೆರಳಲ್ಲಿ ಅಕ್ಷರ ಹುಡುಕಿ ಹುಡುಕಿ ಒತ್ತಿದ. ಮೂರು ವರ್ಷದಿಂದ ಬಾಯಿ ಮುಚ್ಚಿದವನು ಏನು ಹೇಳುತ್ತಾನೋ ಎಂದು ನಾನೂ ಮನೋಹರೂ ಕಾದು ನಿಂತಿದ್ದೆವು. ಅವನು ತಾಯಿಯ ನಂಬರು ಆರಿಸಿ ಗುಂಡಿ ಒತ್ತಿದ. ಆಚೆ ಬೀದಿಯಲ್ಲಿ ಅಜ್ಜಿಯ ಫೋನು ಮಾತಾಡಿತು: ‘ಅವ್ವಾ, ನಿನ್ನೆ ಸಾರಿಗೆ ನೀನು ಉಪ್ಪು ಜಾಸ್ತಿ ಹಾಕಿದ್ದೆ.’

ಮುನಿವೆಂಕಟಮ್ಮ ಫೋನನ್ನು ಕೈಯಲ್ಲಿ ಹಿಡಿದುಕೊಂಡೇ ಬಂದಳು. ಬಾಗಿಲಲ್ಲಿ ನಿಂತು ಮಗನ ಬಾಯನ್ನು ನೋಡಿದಳು, ಕುತ್ತಿಗೆಯ ಬಟ್ಟೆಯನ್ನು ನೋಡಿದಳು. “ಯಾರ್ಲಾ ಮಾತಾಡಿದ್ದು?” ಅಂದಳು. ಅವನು ತನ್ನ ಎದೆ ಮುಟ್ಟಿ ತೋರಿಸಿದ. ಅಜ್ಜಿ ಅಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟಳು. ನನಗೆ ಅಳು ತಡೆಯಲಾಗಲಿಲ್ಲ, ಹಿಂದಿನ ಬೀರುವಿನ ಮರೆಗೆ ಹೋದೆ.

ಆ ತಿಂಗಳು ಅವನು ಮಾತಾಡಿದ್ದೇ ಮಾತಾಡಿದ್ದು. ನಲ್ಲಿಗೆ ಮೋಟರು ಹಾಕಿ ಎಳೆಯುವ ವೆಂಕಟರಾಮಪ್ಪನಿಗೆ ಹೆಸರು ಹಿಡಿದು ಫೋನಿನಲ್ಲಿ ಉಗಿದ. ವೆಂಕಟರಾಮಪ್ಪ ನನ್ನ ಹತ್ತಿರ ಬಂದು, “ಮಾತು ಬರದೇ ಇದ್ದಾಗ್ಲೇ ಚೆನ್ನಾಗಿತ್ತು ಕಣಮ್ಮ” ಅಂದ, ಹೇಳುವಾಗ ಅವನ ಮುಖದಲ್ಲೂ ನಗುವಿತ್ತು. ಮಧ್ಯಾಹ್ನ ಒಂದಾದರೆ ಸಾಕು, ಮಗಳು ರಂಜಿತಳಿಗೆ ಫೋನು. ಅವಳು ದೇವನಹಳ್ಳಿಯ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ‘ರಂಜೀ, ಉಂಡೇನವ್ವಾ?’ ಅಷ್ಟೇ ಮಾತು. ಅವಳು ಉಂಡೆ ಅಂದದ್ದು ಈ ಕಡೆಗೆ ಕೇಳಿಸುತ್ತಿರಲಿಲ್ಲ. ಆದರೂ ತಾನು ಪ್ರತಿ ಸಲವೂ ಉತ್ತರ ಕೊಡುತ್ತಿದ್ದೆ, ಗಿರಾಕಿಗಳು ಕಾಯುತ್ತಿದ್ದರೂ ಫೋನು ತಾನಾಗಿ ಕಟ್ಟಾಗುವ ತನಕ ಕಿವಿಯಿಂದ ತೆಗೆಯುತ್ತಿರಲಿಲ್ಲ ಎಂದು ನನಗೆ ಅವಳೇ ಹೇಳಿದಳು. ಆ ಮಾತುಗಳನ್ನು ಯಾರೂ ತುಂಬಿಸಿಟ್ಟುಕೊಳ್ಳಲಿಲ್ಲ. ಎದುರಿಗೆ ಕೂತು ಮಾತಾಡುವ ಮನುಷ್ಯನ ಮಾತನ್ನು ಯಾರಾದರೂ ತುಂಬಿಸಿಡುತ್ತಾರೆಯೇ?

ರಂಜಿತಳ ಮದುವೆ ಆಗಲೇ ನಿಶ್ಚಯವಾಗಿತ್ತು. ಗಂಡು ಹೊಸಕೋಟೆ ಕಡೆಯ ನಂದಗುಡಿಯವನು. ಘಾಟಿ ಸುಬ್ರಹ್ಮಣ್ಯದ ಛತ್ರದಲ್ಲಿ ಮದುವೆ. ಮುಹೂರ್ತದ ದಿನ ನಮ್ಮ ಆ ಒಂದು ತಿಂಗಳ ಒಳಗೇ ಬೀಳುತ್ತಿತ್ತು. ಚಿಕ್ಕವೆಂಕಟಪ್ಪಣ್ಣ ಒಂದು ದಿನ ನನ್ನೆದುರು ಕೂತು ಅಂಗೈ ಮೇಲೆ ಬರೆದು ತೋರಿಸಿದ: ಒಪ್ಪಿಸುವ ಮಾತು. ನಾನೇ ಆಡಬೇಕು.

ನಮ್ಮ ಕಡೆ ಧಾರೆಯಾದ ಮೇಲೆ ಹೆಣ್ಣು ಒಪ್ಪಿಸುವ ಶಾಸ್ತ್ರವಿದೆ. ಮಗಳ ಕೈಯನ್ನು ಹಾಲಿನಲ್ಲಿ ಅದ್ದಿ, ಅತ್ತೆ ಮಾವನ ಕೈಯಲ್ಲಿಟ್ಟು, ಇಷ್ಟು ದಿನ ನಮ್ಮ ಮಗಳು ಇನ್ನು ನಿಮ್ಮ ಮಗಳು ಎಂದು ಹೆತ್ತವರು ಹೇಳಬೇಕು. ಎಂಥ ಗಟ್ಟಿ ಗಂಡಸಿಗೂ ಅಲ್ಲಿ ಗಂಟಲು ಕಟ್ಟುತ್ತದೆ. ಊರಿಗೆಲ್ಲ ಕೂಗಿದ ಮನುಷ್ಯನಿಗೆ ಆ ಒಂದು ಮಾತು ತನ್ನ ಧ್ವನಿಯಲ್ಲಿ ಆಡಬೇಕು ಎನ್ನುವ ಆಸೆ. ಅದರಲ್ಲಿ ತಪ್ಪೇನಿದೆ?

ಮನೋಹರ್ ಹೇಳಿದ, “ಈಗ್ಲೇ ಮಾಡಿ ಫೋನಲ್ಲಿ ಇಟ್ಕೊಂಡ್ಬಿಡಣ. ಅವತ್ತು ಮೈಕಿಗೆ ಹಿಡಿದು ಒತ್ತಿದ್ರಾಯ್ತು.”

ಪಕ್ಕದಲ್ಲಿದ್ದ ಮುನಿವೆಂಕಟಮ್ಮ ತಲೆ ಎತ್ತಿದಳು. “ಅದೊಂದು ಆಗಾಕಿಲ್ಲ. ಧಾರೆ ಆಗ್ದೆ ಒಪ್ಸೋ ಮಾತು ಆಡಬಾರ್ದು. ಮದ್ವೆಗೆ ಮುಂಚೆ ಒಪ್ಸಿದ್ರೆ ಹೆಣ್ಣು ಮನೆ ಬಿಟ್ಟಂಗೆ, ಮದ್ವೆ ನಿಲ್ತದೆ.”

“ಅಜ್ಜಿ, ಆಡೋದು ಮಿಷನ್ನು. ನಿನ್ನ ಮಗ ಅಲ್ಲ” ಅಂದೆ.

“ದನಿ ಯಾರ್ದು? ಅವುನ್ದೇ ದನಿ ಅಂತ ಈಟು ದಿನ ನೀವೇ ಅಂದ್ರಿ. ಅವುನ್ ದನಿ ಆಡಿದ್ರೆ ಅವ್ನೇ ಆಡ್ದಂಗೆ.”

ಮನೋಹರ್ ತಲೆ ಕೆರೆದುಕೊಂಡ. ಚಿಕ್ಕವೆಂಕಟಪ್ಪಣ್ಣ ತಾಯಿಯ ಕಡೆ ನೋಡಿ ಆಗಲಿ ಎನ್ನುವಂತೆ ಕೈ ಮಾಡಿದ. ಮುಹೂರ್ತ ತಿಂಗಳ ಒಳಗೇ ಇದೆಯಲ್ಲ, ಅವತ್ತೇ ಛತ್ರದಲ್ಲಿ ಬರೆದು ಒತ್ತಿದರಾಯಿತು ಎಂದು ನಾವೂ ಸುಮ್ಮನಾದೆವು.

ಮದುವೆಗೆ ಒಂದು ವಾರವಿದೆ ಎನ್ನುವಾಗ ನಂದಗುಡಿಯಲ್ಲಿ ಗಂಡಿನ ತಾತ ತೀರಿಕೊಂಡ. ವಯಸ್ಸಾಗಿತ್ತು, ಯಾರನ್ನೂ ದೂರುವಂತಿಲ್ಲ. ಸೂತಕ ಕಳೆದು, ತಿಥಿ ಆಗಿ, ಎರಡೂ ಕಡೆಯವರಿಗೆ ಕೂಡಿಬರುವ ಮುಹೂರ್ತ ಸಿಕ್ಕಿದ್ದು ಜ್ಯೇಷ್ಠದಲ್ಲಿ. ಆ ಹೊತ್ತಿಗೆ ನಮ್ಮ ಪುಕ್ಕಟೆ ತಿಂಗಳು ಮುಗಿದಿರುತ್ತಿತ್ತು.

ನಾನು ಅವತ್ತೇ ಅವರ ಮನೆಗೆ ಹೋದೆ. “ಅಜ್ಜಿ, ನಿನ್ನ ಶಾಸ್ತ್ರ ಕಟ್ಟಿಡು. ಆಡದೇ ಇದ್ರೂ ಮದುವೆ ನಿಂತಿತಲ್ಲ. ಈಗಲಾದ್ರೂ ತುಂಬಿಸಿಟ್ಕೊಳ್ಳಲಿ” ಅಂದೆ. ಬಾಯಿಗೆ ಬಂದಂತೆ ಅಂದೆ ಎನ್ನಿ. ಮುನಿವೆಂಕಟಮ್ಮ ಅಕ್ಕಿ ಆರಿಸುವುದನ್ನು ನಿಲ್ಲಿಸಲಿಲ್ಲ.

“ನಿಂತಿಲ್ಲ, ಮುಂದಕ್ಕೋಗೈತೆ. ಸೂತಕದ ಮನೇಗೆ ಹೆಣ್ಣೊಪ್ಸೋ ಮಾತಾ? ನಿನಗೆ ಮಕ್ಳಿಲ್ವಾ ಪದ್ಮಮ್ಮ?” ಅಂದಳು. ಭಾಗ್ಯಮ್ಮ ಗೋಡೆಗೆ ಒರಗಿ ನಿಂತಿದ್ದಳು. ಅವಳು ಏನಾದರೂ ಹೇಳುತ್ತಾಳೋ ಎಂದು ನೋಡಿದೆ. ಅವಳೂ ಬಂದು ಅತ್ತೆಯ ಜೊತೆ ಅಕ್ಕಿ ಆರಿಸಲು ಕೂತಳು.

ತಿಂಗಳ ಕೊನೆಯ ದಿನ ಮಧ್ಯಾಹ್ನ ಚಿಕ್ಕವೆಂಕಟಪ್ಪಣ್ಣ ಒಬ್ಬನೇ ಗ್ರಂಥಾಲಯಕ್ಕೆ ಬಂದ. ಓದುವವರು ಯಾರೂ ಇರಲಿಲ್ಲ. ಕಂಪ್ಯೂಟರಿನ ಮುಂದೆ ಕೂತು ಬರೆಯತೊಡಗಿದ. ನಾನು ಪೇಪರು ಜೋಡಿಸುವ ನೆಪದಲ್ಲಿ ಹಿಂದೆ ನಿಂತು ಓದಿದೆ. ‘ರಂಜಿ ಹುಟ್ಟಿದ ದಿನ ಊರಿಗೆಲ್ಲ ನೀರು ಬಿಟ್ಟು ಕೂಗಿ ಬಂದು ಆಮೇಲೆ ಮಗು ಮುಖ ನೋಡ್ದೆ. ಊರಿಗೆ ಕೂಗಿದಷ್ಟು ಇವಳ ಜೊತೆ ಕೂತು ಮಾತಾಡಲಿಲ್ಲ. ಇನ್ನು ನಿಮ್ಮ ಮಗಳು. ಊಟಕ್ಕೆ ಕರೆಯದೆ ಉಣ್ಣೋಳಲ್ಲ. ಕರೀರಿ.’

ಇಷ್ಟೇ. ಬರೆದು ಮುಗಿಸಿ ಗುಂಡಿಯ ಮೇಲೆ ಬೆರಳಿಟ್ಟುಕೊಂಡು ಕೂತ. ಫ್ಯಾನು ತಿರುಗುತ್ತಿತ್ತು. ಮೇಲೆ ಒಂದು ವಿಮಾನ ಇಳಿಯುತ್ತಾ ಹೋಯಿತು.

“ಒತ್ತಣ್ಣಾ” ಅಂದೆ. “ನನ್ನ ಫೋನಿಗೇ ಬರಲಿ, ನಾನು ಹಿಡಿದಿಡ್ತೀನಿ. ಯಾರಿಗೂ ಹೇಳಲ್ಲ.”

ಅವನು ಬೇಡವೆಂದು ತಲೆಯಾಡಿಸಿದ. ಬರೆದಿದ್ದನ್ನು ಹಿಂದಿನಿಂದ ಒಂದೊಂದೇ ಅಕ್ಷರ ಅಳಿಸಿದ. ಅದು ಹೆದರಿಕೆಯಲ್ಲ, ಅವನನ್ನು ನಾನು ಬಲ್ಲೆ. ಮಗಳ ಮದುವೆಗೆ ತನ್ನಿಂದ ಒಂದು ಕೂದಲೆಳೆಯಷ್ಟೂ ಕೊಂಕು ಬರಬಾರದು ಎನ್ನುವುದು. ಖಾಲಿಯಾದ ಜಾಗದಲ್ಲಿ ಬೇರೆ ಏನೋ ಬರೆದು ತಾಯಿಗೆ ಕಳಿಸಿದ: ‘ಅವ್ವಾ, ಬರ್ತಾ ಇದೀನಿ.’ ಎದ್ದು ಹೋದ. ಆ ಧ್ವನಿ ಹೊಸದಾಗಿ ಆಡಿದ ಕೊನೆಯ ಮಾತು ಅದು.

ಮಾರನೇ ದಿನ ನೋಡಿದರೆ ಆ ಜಾಗ ಮಸುಕಾಗಿ, ಪಕ್ಕದಲ್ಲಿ ಒಂದು ಪುಟ್ಟ ಬೀಗದ ಚಿತ್ರ ಬಂದಿತ್ತು. ಒತ್ತಿದರೆ, ಈ ಸೌಲಭ್ಯ ಮೇಲ್ದರ್ಜೆಯ ಆವೃತ್ತಿಯಲ್ಲಿ ಮಾತ್ರ ಲಭ್ಯ ಎಂದು ಅಚ್ಚ ಕನ್ನಡದಲ್ಲಿ ಹೇಳುತ್ತಿತ್ತು. ಆ ಕನ್ನಡವನ್ನು ಮಾಡಿಕೊಟ್ಟವನು ನಮ್ಮ ಮನೋಹರನೇ.

ಅವನು ಸುಮ್ಮನೆ ಕೂರಲಿಲ್ಲ, ಪಾಪ. ದುಡ್ಡು ಕೊಟ್ಟೇ ಕೊಳ್ಳೋಣವೆಂದರೆ ಅವರು ಬಿಡಿಯಾಗಿ ಮಾರುವುದಿಲ್ಲ. ದೊಡ್ಡ ಕಚೇರಿಗಳ ಲೆಕ್ಕ, ವರ್ಷಕ್ಕಿಷ್ಟು ಎಂದು ಡಾಲರಿನಲ್ಲಿ. ಪಂಚಾಯಿತಿಯವರನ್ನು ಕೇಳಿದರೆ, ನೀರಿಗೆ ಸಂಬಂಧವಿಲ್ಲದ ಮಾತಿಗೆ ಹಣ ಹಾಕಲು ಬರುವುದಿಲ್ಲ ಅಂದರು. ಒಂದೇ ಒಂದು ದಿನ ಕೊಡಿ ಎಂದು ಎಲ್ಲವನ್ನೂ ವಿವರಿಸಿ ಅವರಿಗೇ ಬರೆದ. ನಿಮ್ಮ ಆಸಕ್ತಿಗೆ ಧನ್ಯವಾದ, ನಮ್ಮ ಮಾರಾಟ ವಿಭಾಗ ನಿಮ್ಮನ್ನು ಸಂಪರ್ಕಿಸುತ್ತದೆ ಎಂದು ಉತ್ತರ ಬಂತು. ಆ ವಿಭಾಗ ಇನ್ನೂ ಸಂಪರ್ಕಿಸುತ್ತಲೇ ಇದೆ. ಕೊನೆಗೆ ತನ್ನ ಸ್ವಂತ ಲ್ಯಾಪ್‌ಟಾಪಿನಲ್ಲಿ, ತನ್ನ ಹೆಸರಿನಲ್ಲಿ, ಹೊಸದಾಗಿ ಆ ತಿಂಗಳನ್ನು ಶುರುಮಾಡಿ ಒಂಬತ್ತು ಮಾತು ಹಾಕಿ ನೋಡಿದ. ‘ಈ ಧ್ವನಿ ಈಗಾಗಲೇ ಬೇರೊಂದು ಖಾತೆಯಲ್ಲಿ ನೋಂದಣಿಯಾಗಿದೆ’ ಎಂದು ಬಂತು.

ನನಗೆ ಮೈ ಉರಿದುಹೋಯಿತು. “ಅವನ ದನಿ ಅವನ ಹೆಸರಲ್ಲಿಲ್ಲ, ನಿನ್ನ ಹೆಸರಲ್ಲಿಲ್ಲ, ಇನ್ಯಾರ ಹೆಸರಲ್ಲೈತಪ್ಪಾ? ನಮ್ಮ ಪೆಟ್ಟಿಗೇಲೇ ಇರುತ್ತೆ, ಯಾರ ಹಂಗೂ ಇಲ್ಲ ಅಂದಿದ್ದೆ?”

“ಗ್ರಂಥಾಲಯದ ಖಾತೇಲೈತೆ ಪದ್ಮಕ್ಕ, ಅದಕ್ಕೇ ಬೀಗ ಬಿದ್ದಿರೋದು. ಹಳೇದು ಇಲ್ಲೇ ಐತೆ. ಹೊಸ ದನಿ ತಯಾರಾಗೋದು ಅವರ ಕಡೆ ಮಿಷನ್ನಲ್ಲಿ. ಅವ್ರು ನಮ್ಮತ್ರ ಇದ್ದಿದ್ದೇನೂ ಕಿತ್ಕೊಂಡಿಲ್ಲ. ಕೆಲ್ಸ ಮಾಡೋರ್ಗೆ ಸಂಬಳ ಕೊಡ್ಬೇಕು, ಅವ್ರೂ ಹೊಟ್ಟೆಗೆ ತಿನ್ಬೇಕಲ್ಲ.”

“ತಿನ್ನಲಿ. ಬೇಡ ಅಂದೋರು ಯಾರು? ಊರೆಲ್ಲ ಕೂತು ಬೀಸಿಕೊಟ್ಟ ಹಿಟ್ಟದು. ರೊಟ್ಟಿ ಸುಟ್ಟ ಮೇಲೆ ನಮ್ಮ ತಟ್ಟೇಗೆ ಒಂದು ತಿಂಗಳು ಹಾಕಿ ರುಚಿ ತೋರಿಸಿ ಎತ್ಕೊಂಡ್ರಲ್ಲ, ಅದಕ್ಕೇನಂತೀಯ? ಅರಳಿಕಟ್ಟೆ ಅಂದೆ. ಅರಳಿಕಟ್ಟೆ ಮೇಲೆ ಯಾರಾದ್ರೂ ಮಹಡಿ ಕಟ್ಟಿ ಬೀಗ ಹಾಕ್ತಾರಾ?”

ಮನೋಹರ್ ಲ್ಯಾಪ್‌ಟಾಪು ಮುಚ್ಚಿದ. ಅವನ ಕ‌ಣ್ಣು ಕೆಂಪಾಗಿತ್ತು. ಈ ಹುಡುಗನನ್ನು ಬೈದು ನನಗೇನು ಸಿಕ್ಕೀತು ಅನ್ನಿಸಿ ನಾನೇ ಕಾಫಿ ತರಿಸಿದೆ. ಕುಡಿಯದೆ ಹೋದ. ಹೋಗುವಾಗ ಚಿಕ್ಕವೆಂಕಟಪ್ಪಣ್ಣನ ಮನೆಗೆ ಹೋಗಿ, “ಬರ್ದು ಕೊಡಣ್ಣ, ನಾನು ಓದ್ತೀನಿ” ಎಂದು ಕೇಳಿದನಂತೆ. ಅವನು ಬೇಡವೆಂದು ಕೈಯಾಡಿಸಿದನಂತೆ. ಮಗಳನ್ನು ಒಪ್ಪಿಸುವುದೇನು ಪಂಚಾಯಿತಿ ನೋಟೀಸೇ, ಇನ್ನೊಬ್ಬರು ಓದುವುದಕ್ಕೆ?

ಮದುವೆ ನಡೆಯಿತು. ಘಾಟಿಯ ಛತ್ರದಲ್ಲಿ ಜನವೋ ಜನ. ಧಾರೆಯಾಗಿ, ತಾಳಿಯಾಗಿ, ಕಂಚಿನ ತಟ್ಟೆಯಲ್ಲಿ ಹಾಲು ಬಂತು. ಚಿಕ್ಕವೆಂಕಟಪ್ಪಣ್ಣ, ಭಾಗ್ಯಮ್ಮ ಇಬ್ಬರೂ ಮಗಳ ಕೈಯನ್ನು ಹಾಲಿಗೆ ಅದ್ದಿದರು. ಭಾಗ್ಯಮ್ಮನ ಬಾಯಿಗೆ ಸೆರಗು ಬಂದಾಗಿತ್ತು, ಅವಳಿಂದ ಮಾತು ಹೊರಡುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಪುರೋಹಿತರು ಮೈಕು ಹಿಡಿದು ಆ ಕಡೆ ಈ ಕಡೆ ನೋಡಿದರು. ಹುಡುಗಿಯ ಸೋದರಮಾವ ಕಾಂತರಾಜು ಮುಂದೆ ಬಂದು ಮೈಕು ತೆಗೆದುಕೊಂಡ. ಒಳ್ಳೆಯ ಮನುಷ್ಯ, ಗಟ್ಟಿ ಧ್ವನಿ. “ಇಷ್ಟು ದಿನ ನಮ್ಮನೆ ಮಗ್ಳು, ಇವತ್ತಿಂದ ನಿಮ್ಮನೆ ಮಗ್ಳು. ತಪ್ಪು ಒಪ್ಪು ಹೊಟ್ಟೆಗಾಕ್ಕೊಂಡು ನೋಡ್ಕಳಿ” ಅಂದ. ಎಲ್ಲ ಮದುವೆಯಲ್ಲೂ ಆಡುವ ಮಾತು. ಅದರಲ್ಲಿ ಊಟಕ್ಕೆ ಕರೆಯಿರಿ ಎನ್ನುವುದಿರಲಿಲ್ಲ.

ರಂಜಿತ ಸೋದರಮಾವನ ಕಡೆ ನೋಡಲೇ ಇಲ್ಲ. ಅಪ್ಪನನ್ನೇ ನೋಡುತ್ತಿದ್ದಳು. ಅವನ ಬಾಯಿ ತೆರೆಯಿತು, ತುಟಿ ಅಲ್ಲಾಡಿತು. ಕುತ್ತಿಗೆಯ ಬಿಳಿ ಬಟ್ಟೆ ಉಸಿರಿಗೆ ಎದ್ದು ಎದ್ದು ಬಿತ್ತು. ಪುರೋಹಿತರು ಹೊತ್ತಾಯಿತು ಎಂದರೂ ಅವನು ಮಗಳ ಕೈ ಬಿಡಲಿಲ್ಲ. ಕಾಂತರಾಜುವೇ ಮೆಲ್ಲಗೆ ಬೆರಳು ಬಿಡಿಸಬೇಕಾಯಿತು. ಆ ಕಂಪ್ಯೂಟರಿನ ಪರದೆಯ ಮೇಲೆ ಓದಿದ ನಾಲ್ಕು ಸಾಲು ನನ್ನ ನಾಲಿಗೆಯ ತುದಿಯಲ್ಲಿತ್ತು. ಆಡಲಿಲ್ಲ. ಇವತ್ತಿಗೂ ರಂಜಿತಳಿಗೆ ಅದನ್ನು ಹೇಳಿಲ್ಲ. ನನ್ನ ಬಾಯಿಂದ ಬಂದರೆ ಅದು ಅವಳಪ್ಪನ ಮಾತಾಗುವುದಿಲ್ಲ.

ಊಟದ ಹೊತ್ತಿಗೆ ಮುನಿವೆಂಕಟಮ್ಮ ಕಾಣಲಿಲ್ಲ. ಹುಡುಕಿದರೆ ಛತ್ರದ ಹಿಂದಿನ ಮೆಟ್ಟಿಲ ಮೇಲೆ ಒಬ್ಬಳೇ ಕೂತಿದ್ದಳು. ನಾನು ಪಕ್ಕದಲ್ಲಿ ಕೂತೆ. ಬೈಯುವುದಕ್ಕೆ ನನ್ನಲ್ಲೂ ಏನೂ ಉಳಿದಿರಲಿಲ್ಲ.

“ಅವುನ್ ಗಂಟ್ಲು ಆಸ್ಪತ್ರೆಯವ್ರು ಕುಯ್ದ್ರು” ಅಂದಳು. “ಬಾಯಿ ನಾನು ಕಟ್ಟಿದ್ನೇನೋ ಪದ್ಮಮ್ಮ.”

“ನೀನಲ್ಲ ಅಜ್ಜಿ” ಅಂದೆ. ಅವಳು ನಂಬಿದಳೋ ಇಲ್ಲವೋ ತಿಳಿಯದು.

ಮದುವೆಯಾಗಿ ನಾಲ್ಕನೇ ದಿನಕ್ಕೆ ಕೆಳಗಿನ ಬೀದಿಯ ಸರದಿ ಬಂತು. ಅದು ಚಿಕ್ಕವೆಂಕಟಪ್ಪಣ್ಣನ ಮನೆಯಿರುವ ಬೀದಿ. ಅವನು ಕಿಟಕಿ ತಟ್ಟದೆ ನೇರ ಒಳಗೆ ಬಂದ. ಕಂಪ್ಯೂಟರಿನಲ್ಲಿ ಆ ಬೀದಿಯ ಹೆಸರುಗಳನ್ನು ತೆಗೆಯುವಂತೆ ಸನ್ನೆ ಮಾಡಿದ. ತೆಗೆದೆ. ತನ್ನ ಫೋನಿನಲ್ಲಿ ರಂಜಿತಳ ನಂಬರು ತೋರಿಸಿ, ಕೊನೆಯ ಹೆಸರಿನ ಕೆಳಗಿನ ಖಾಲಿ ಜಾಗದ ಮೇಲೆ ಬೆರಳಿಟ್ಟ.

“ಅಣ್ಣಾ, ಅವಳೀಗ ನಂದಗುಡೀಲವಳೆ. ನಮ್ಮೂರ ನೀರು ಅವಳಿಗ್ಯಾಕೆ?” ಅಂದೆ.

ಬೆರಳು ತೆಗೆಯಲಿಲ್ಲ. ನಾನು ನಂಬರು ಸೇರಿಸಿದೆ. ಅವನು ಹೊರಗೆ ಹೋಗಿ ವಾಲ್ವು ತಿರುಗಿಸಿ ಬಂದು ಎರಡು ಸಲ ಕಿಟಕಿ ತಟ್ಟಿದ. ಗುಂಡಿ ಒತ್ತಿದೆ. ಕೆಳಗಿನ ಬೀದಿಯ ಫೋನುಗಳ ಜೊತೆಗೆ ನಂದಗುಡಿಯಲ್ಲೂ ಒಂದು ಫೋನು ಬಡಿದುಕೊಂಡಿತು. ಅವಳು ಅಡುಗೆಮನೆಯಲ್ಲಿದ್ದಳಂತೆ. ಎತ್ತಿದರೆ, ‘ನೀರು ಬಿಟ್ಟಿದೀನಿ ಕಣ್ರವ್ವಾ, ಹಿಡ್ಕಳಿ.’ ಅತ್ತೆ ಯಾರೆಂದು ಕೇಳಿದ್ದಕ್ಕೆ ನಮ್ಮಪ್ಪ ಅಂದಳಂತೆ.

ಅವತ್ತಿನಿಂದ ಇದೇ ನಡೆದಿದೆ. ಪರದೆಯ ಮೂಲೆಯಲ್ಲಿ ಈಚೆಗೆ ಒಂದು ಹಳದಿ ಪಟ್ಟಿ ಬರುತ್ತಿದೆ, ಈ ಹಳೆಯ ಆವೃತ್ತಿಗೆ ಮುಂದೆ ಬೆಂಬಲವಿರುವುದಿಲ್ಲ, ಹೊಸದಕ್ಕೆ ಬದಲಾಯಿಸಿಕೊಳ್ಳಿ ಎಂದು. ಹೊಸದಕ್ಕೆ ಹೋದರೆ ಈಗಿರುವ ಒಂಬತ್ತು ಮಾತಿಗೂ ಬೀಗ ಬೀಳುತ್ತದೋ ಏನೋ, ಮನೋಹರನಿಗೂ ಖಾತ್ರಿಯಿಲ್ಲ. ಅವನು ಅದನ್ನು ಮುಟ್ಟಿಲ್ಲ, ನಾನು ಯಾರನ್ನೂ ಮುಟ್ಟಗೊಟ್ಟಿಲ್ಲ. ಎಷ್ಟು ದಿನ ಹೀಗೆ ತಳ್ಳಬಹುದೋ ಗೊತ್ತಿಲ್ಲ.

ಮೊನ್ನೆ ಕೆಳಗಿನ ಬೀದಿಯ ಸರದಿಯ ದಿನ ಬೆಳಗಿನಿಂದ ಕರೆಂಟಿರಲಿಲ್ಲ. ಹಳೇ ಬ್ಯಾಟರಿಯೂ ಕೈಕೊಟ್ಟು ಕಂಪ್ಯೂಟರೂ ಇಲ್ಲ, ಮೋಟರೂ ಇಲ್ಲ. ಚಿಕ್ಕವೆಂಕಟಪ್ಪಣ್ಣ ಟ್ಯಾಂಕಿನ ನೆರಳಲ್ಲಿ ಸುಮ್ಮನೆ ಕೂತಿದ್ದ. ಮಧ್ಯಾಹ್ನ ಒಂದು ಗಂಟೆ ದಾಟಿರಬೇಕು, ನನ್ನ ಫೋನು ಬಡಿದುಕೊಂಡಿತು. ನಂದಗುಡಿಯಿಂದ ರಂಜಿತ.

“ಪದ್ಮಕ್ಕ,” ಅಂದಳು, “ಇವತ್ತು ನಮ್ಮ ಬೀದಿ ಸರದಿ ಅಲ್ವಾ? ಇನ್ನೂ ಯಾಕೆ ನೀರು ಬಂದಿಲ್ಲ?”